ಹಳೆಯ ಆಟ, ಹೊಸ ಪರದೆ

1990ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಕಂಪನಿಯ ಸೂಪರ್ ಫ್ಯಾಮಿಕಾಮ್ ಆಟದ ಯಂತ್ರವನ್ನು ಇಂದಿನ ಚಪ್ಪಟೆ ಟಿ.ವಿ.ಗೆ ಜೋಡಿಸಿದರೆ ಚಿತ್ರ ಮಸುಕಾಗಿ ಕಾಣಬಹುದು. ಯಂತ್ರ ಕೆಟ್ಟಿತೆಂದು ಗುಜರಿಗೆ ಹಾಕಬೇಡಿ! ಹಳದಿ ಪಿನ್ನಿನ ಕಾಂಪೋಸಿಟ್ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಬೆರೆತು ಸಾಗುತ್ತವೆ, ಟಿ.ವಿ. ಅವನ್ನು ಪೂರ್ತಿ ಬೇರ್ಪಡಿಸಲಾರದು. ಎಸ್-ವಿಡಿಯೋದಲ್ಲಿ ಅವೆರಡಕ್ಕೂ ಬೇರೆ ಬೇರೆ ತಂತಿ. ಕೆಂಪು, ಹಸಿರು, ನೀಲಿಗೆ ಪ್ರತ್ಯೇಕ ತಂತಿಯಿರುವ ಆರ್.ಜಿ.ಬಿ. ಇನ್ನೂ ಮೇಲು. ಈ ಯಂತ್ರದಲ್ಲಿ ಮೂರೂ ಸಿಗುತ್ತವೆ.

ಇನ್ನೊಂದು ತೊಡಕಿದೆ. ಯಂತ್ರ ಸೆಕೆಂಡಿಗೆ ಸುಮಾರು 60 ಬಾರಿ 240 ಗೆರೆಗಳ ಇಡೀ ಚಿತ್ರ ಕಳಿಸುತ್ತದೆ. ಅನೇಕ ಹೊಸ ಟಿ.ವಿ.ಗಳು ಅದನ್ನು ಅರ್ಧ ಚಿತ್ರವೆಂದು ಬಗೆದು ಎರಡೆರಡನ್ನು ಹೆಣೆಯುತ್ತವೆ. ಓಡುವ ಮಾರಿಯೋನ ಅಂಚು ಕಲಸಿಹೋಗುತ್ತದೆ. ಒತ್ತಿದ ಗುಂಡಿಗೆ ಅವನು ತಡವಾಗಿ ಜಿಗಿಯುತ್ತಾನೆ. ಗೆರೆಗಳನ್ನು ಇಮ್ಮಡಿಸುವ ಪುಟ್ಟ ಪೆಟ್ಟಿಗೆಯೊಂದನ್ನು ನಡುವೆ ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ. ಅಟ್ಟದ ಮೇಲೆ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಇದೆಯೇ? ಅದಕ್ಕೆ ಈ ಪೆಟ್ಟಿಗೆಯೇ ಬೇಡ.