ಮಿದುಳಿನ ಬಾಗಿಲು ತೆರೆಸುವ ಶ್ರವಣಾತೀತ ಧ್ವನಿ

ವಿಜಯಪುರದ ಗೋಳಗುಮ್ಮಟವನ್ನು ಕಾಣದ ಮಕ್ಕಳು ತಿಕೋಟಾ, ಬಬಲೇಶ್ವರದ ಕಡೆ ಅಪರೂಪ. ಗುಮ್ಮಟದೊಳಗಿನ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ನಡುವೆ ನಿಂತವರಿಗೆ ಅದು ಕೇಳಿಸದು. ಧ್ವನಿಯು ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುವುದೇ ಇದಕ್ಕೆ ಕಾರಣವೆಂದು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ವಿವರಿಸಿದರು. ನಮ್ಮ ಸಿ.ವಿ. ರಾಮನ್ ಅವರೂ 1920ರ ದಶಕದ ಆರಂಭದಲ್ಲಿ ಇಂಥ ಗ್ಯಾಲರಿಗಳನ್ನು ಅಭ್ಯಸಿಸಿದ್ದರು.

ಇದರಿಂದ ಒಂದು ಮಾತು ತಿಳಿಯುತ್ತದೆ. ಧ್ವನಿ ಎಲ್ಲೆಡೆ ಸಮನಾಗಿ ಹರಡಲೇಬೇಕೆಂದಿಲ್ಲ. ಸೂಕ್ತ ಆಕಾರದ ಮೇಲ್ಮೈ ಇದ್ದರೆ ಅದು ಒಂದು ಕಡೆ ಪ್ರಬಲವಾಗಿಯೂ ಇನ್ನೊಂದು ಕಡೆ ದುರ್ಬಲವಾಗಿಯೂ ಇರುವಂತೆ ಮಾಡಬಹುದು. ವೈದ್ಯಲೋಕ ಈಗ ಈ ಗುಣವನ್ನು ಬಳಸಿಕೊಂಡು, ಔಷಧಿಗಳು ಸುಲಭವಾಗಿ ತಲುಪದ ಮಿದುಳಿನೊಳಕ್ಕೆ ಅವನ್ನು ಸೇರಿಸಲು ಯತ್ನಿಸುತ್ತಿದೆ.

ರಕ್ತ-ಮಿದುಳು ತಡೆ

ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ದೇಹದ ಎಲ್ಲ ಅಂಗಗಳನ್ನೂ ಮುಟ್ಟುತ್ತದೆ ಎಂದು ನಾವು ಭಾವಿಸುತ್ತೇವೆ. ಮಿದುಳಿನ ಮಟ್ಟಿಗೆ ಇದು ನಿಜವಲ್ಲ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದ ಅಂಗಗಳಿಗೆಲ್ಲ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ನೇರವಾಗಿ ಮಿದುಳು-ಬೆನ್ನುಹುರಿಯ ದ್ರವಕ್ಕೆ ಸೇರಿಸಿದಾಗ ಮಿದುಳಿಗೆ ಬಣ್ಣ ಬಂದಿತು, ದೇಹದ ಉಳಿದ ಭಾಗಕ್ಕೆ ಬರಲಿಲ್ಲ. ಅಂದರೆ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇದೆ ಎಂದಾಯಿತು.

ಈ ತಡೆ ಇರುವುದು ಲೋಮನಾಳಗಳ ಗೋಡೆಯಲ್ಲಿ. ಮಿದುಳಿನ ಲೋಮನಾಳಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಸುಮಾರು 600 ಕಿ.ಮೀ. ಆಗುತ್ತದೆ, ಇದು ವಿಜಯಪುರದಿಂದ ಬೆಂಗಳೂರಿಗಿರುವ ದೂರಕ್ಕಿಂತ ಹೆಚ್ಚು. ಬೇರೆ ಅಂಗಗಳ ಲೋಮನಾಳಗಳಲ್ಲಿ ಜೀವಕೋಶಗಳ ನಡುವೆ ಸಣ್ಣ ಸಂದುಗಳಿರುತ್ತವೆ. ಮಿದುಳಿನಲ್ಲಿ ಆ ಸಂದುಗಳನ್ನು ಪ್ರೋಟೀನುಗಳು ಬಿಗಿಯಾಗಿ ಹೊಲಿದುಬಿಟ್ಟಿವೆ. ಆಕ್ಸಿಜನ್, ಗ್ಲೂಕೋಸ್‌ಗಳಿಗೆ ಪ್ರವೇಶವುಂಟು. ರೋಗಾಣುಗಳು, ವಿಷವಸ್ತುಗಳು ಹೊರಗೇ ಉಳಿಯುತ್ತವೆ. ಅವುಗಳ ಜೊತೆಗೆ ನಮಗೆ ಬೇಕಾದ ಔಷಧಿಗಳೂ ಉಳಿಯುತ್ತವೆ. ಸಣ್ಣ ಅಣುಗಳ ಔಷಧಿಗಳಲ್ಲೇ ಶೇಕಡ 98ರಷ್ಟು ಈ ತಡೆಯನ್ನು ದಾಟಲಾರವು ಎಂಬ ಅಂದಾಜಿದೆ.

ಪಾರ್ಕಿನ್‌ಸನ್ ರೋಗದಲ್ಲಿ ಕೊರತೆಯಾಗುವುದು ಡೋಪಮೀನ್. ಆದರೆ ಡೋಪಮೀನನ್ನೇ ಕೊಟ್ಟರೆ ಅದು ಮಿದುಳನ್ನು ಸೇರದು. ಅದಕ್ಕಾಗಿ ತಡೆಯನ್ನು ದಾಟಬಲ್ಲ ಲೆವೊಡೋಪ ಕೊಡುತ್ತಾರೆ. ಅದು ಒಳಗೆ ಹೋಗಿ ಡೋಪಮೀನ್ ಆಗುತ್ತದೆ. ನಮ್ಮ ನಸುಗುನ್ನಿ ಬೀಜದಲ್ಲಿರುವುದೂ ಇದೇ ಲೆವೊಡೋಪ. ಕ್ಷಯ ಮಿದುಳುಪೊರೆಗೆ ಹರಡಿದಾಗ ಐಸೋನಿಯಾಜಿಡ್, ಪೈರಾಜಿನಮೈಡ್ ಚೆನ್ನಾಗಿ ಒಳಸೇರುತ್ತವೆ, ರಿಫಾಂಪಿಸಿನ್ ಕಡಿಮೆ ಸೇರುತ್ತದೆ. ಮಿದುಳಿನ ಗೆಡ್ಡೆಗಳಿಗೆ ಕೊಡುವ ಹಲವು ಔಷಧಿಗಳ ಪಾಡೂ ಇದೇ.

ಗುಳ್ಳೆಗಳ ಕೆಲಸ

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳಿರುವ ಧ್ವನಿ ನಮಗೆ ಕೇಳಿಸದು. ಅದೇ ಶ್ರವಣಾತೀತ ಧ್ವನಿ. ಅದು ಔಷಧಿಯನ್ನು ಮಿದುಳಿಗೆ ತಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಿಜವಾದ ಕೆಲಸ ಮಾಡುವವು ಸೂಕ್ಷ್ಮ ಗುಳ್ಳೆಗಳು.

ಕೊಬ್ಬಿನ ತೆಳು ಪೊರೆಯೊಳಗೆ ಅನಿಲ ತುಂಬಿದ ಈ ಗುಳ್ಳೆಗಳು ಕೆಂಪು ರಕ್ತಕಣಗಳಷ್ಟು ಅಥವಾ ಅದಕ್ಕಿಂತ ಚಿಕ್ಕವು. ಹೃದಯದ ಸ್ಕ್ಯಾನಿಂಗ್‌ನಲ್ಲಿ ಚಿತ್ರ ಸ್ಪಷ್ಟವಾಗಲು ಇವನ್ನು ಮೊದಲಿನಿಂದಲೂ ಬಳಸುತ್ತಿದ್ದಾರೆ. ಇವನ್ನು ರಕ್ತನಾಳಕ್ಕೆ ಚುಚ್ಚಿ, ಮಿದುಳಿನ ಆಯ್ದ ಜಾಗಕ್ಕೆ ಧ್ವನಿಯನ್ನು ಕೇಂದ್ರೀಕರಿಸುತ್ತಾರೆ. ಅಲೆಯ ಒತ್ತಡ ಏರಿದಾಗ ಗುಳ್ಳೆ ಕುಗ್ಗುತ್ತದೆ, ಇಳಿದಾಗ ಹಿಗ್ಗುತ್ತದೆ. ಲೋಮನಾಳದ ಗೋಡೆಯನ್ನು ಹೀಗೆ ಒಳಗಿನಿಂದ ಮೆಲ್ಲಗೆ ಎಳೆದು ಬಿಡುವುದರಿಂದ ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿ, ರಕ್ತದಲ್ಲಿರುವ ಔಷಧಿ ಒಳಗೆ ಇಳಿಯುತ್ತದೆ. ಗುಳ್ಳೆಯ ಅನಿಲ ಕೆಲವೇ ನಿಮಿಷಗಳಲ್ಲಿ ಉಸಿರಿನೊಂದಿಗೆ ಹೊರಹೋಗುತ್ತದೆ.

ಧ್ವನಿಯ ಪ್ರಮಾಣ ಇಲ್ಲಿ ಬಹು ಮುಖ್ಯ. ಒತ್ತಡ ಕಡಿಮೆಯಾದರೆ ತಡೆ ತೆರೆಯದು. ಹೆಚ್ಚಾದರೆ ಗುಳ್ಳೆಗಳು ರಭಸದಿಂದ ಕುಸಿದು ನಾಳ ಒಡೆದು ರಕ್ತಸ್ರಾವವಾದೀತು. ಆದ್ದರಿಂದ ಯಂತ್ರವು ಗುಳ್ಳೆಗಳು ಹೊರಡಿಸುವ ಧ್ವನಿಯನ್ನು ಆಲಿಸುತ್ತ ತನ್ನ ಶಕ್ತಿಯನ್ನು ಹೊಂದಿಸಿಕೊಳ್ಳುತ್ತದೆ.

ತಲೆಬುರುಡೆಯ ತೊಡಕು

ತಲೆಬುರುಡೆಯ ಮೂಳೆ ಧ್ವನಿಯನ್ನು ಹೀರುತ್ತದೆ, ದಾರಿ ತಪ್ಪಿಸುತ್ತದೆ. ಅದರ ದಪ್ಪವೂ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಇದಕ್ಕೆ ಪರಿಹಾರವಾಗಿ ಅರ್ಧಗೋಳಾಕಾರದ ಶಿರಸ್ತ್ರಾಣವೊಂದನ್ನು ರೂಪಿಸಿದ್ದಾರೆ. ಇದರ ಒಳಮೈಯಲ್ಲಿ 1,024 ಚಿಕ್ಕ ಧ್ವನಿಮೂಲಗಳಿವೆ. ರೋಗಿಯ ಸಿ.ಟಿ. ಚಿತ್ರದಿಂದ ಮೂಳೆಯ ದಪ್ಪವನ್ನು ತಿಳಿದು, ಯಾವ ಮೂಲ ಯಾವಾಗ ಧ್ವನಿ ಹೊರಡಿಸಬೇಕೆಂದು ಗಣಕಯಂತ್ರ ನಿರ್ಧರಿಸುತ್ತದೆ. ಎಲ್ಲ ಅಲೆಗಳೂ ಗುರಿಯ ಬಿಂದುವಿನಲ್ಲಿ ಏಕಕಾಲಕ್ಕೆ ಕೂಡಿ ಬಲಗೊಳ್ಳುತ್ತವೆ, ಉಳಿದೆಡೆ ದುರ್ಬಲವಾಗಿರುತ್ತವೆ. ಈ ಕೆಲಸಕ್ಕೆ ಬಳಸುವ ಆವೃತ್ತಿ 220 ಕಿಲೋಹರ್ಟ್ಸ್. ಮಿದುಳಿನಲ್ಲಿ ಇದರ ತರಂಗದೂರ ಸುಮಾರು 7 ಮಿಲಿಮೀಟರ್. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬಳಸುವ ಆವೃತ್ತಿ ಹಲವು ಮೆಗಾಹರ್ಟ್ಸ್. ಅದು ಮೂಳೆಯಲ್ಲಿ ಬೇಗ ಕ್ಷೀಣಿಸುತ್ತದೆ.

ತಡೆ ತೆರೆಯಿತೆಂದು ತಿಳಿಯಲು ಗಡೋಲಿನಿಯಂ ಸಂಯುಕ್ತವನ್ನು ರಕ್ತಕ್ಕೆ ಸೇರಿಸುತ್ತಾರೆ. ಸಾಮಾನ್ಯವಾಗಿ ಅದು ಮಿದುಳಿಗೆ ಇಳಿಯದು. ತಡೆ ತೆರೆದ ಜಾಗದಲ್ಲಿ ಮಾತ್ರ ಸೋರಿ, ಎಂ.ಆರ್.ಐ. ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ.

ಮೊಲದಿಂದ ಮನುಷ್ಯನವರೆಗೆ

ಗುಳ್ಳೆ ಮತ್ತು ಧ್ವನಿಯನ್ನು ಒಟ್ಟಿಗೆ ಬಳಸಿ ತಡೆಯನ್ನು ತೆರೆಯಬಹುದೆಂದು ಹೈನಿನೆನ್ ಮತ್ತು ಸಂಗಡಿಗರು 2001ರಲ್ಲಿ ಮೊಲಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 2015ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಿದುಳು ಗೆಡ್ಡೆಯಿದ್ದ ರೋಗಿಯೊಬ್ಬರಲ್ಲಿ, ತಲೆಬುರುಡೆಯನ್ನು ತೆರೆಯದೆ ಮೊದಲ ಬಾರಿಗೆ ಇದನ್ನು ಮಾಡಲಾಯಿತು. ಫ್ರಾನ್ಸಿನ ತಂಡವೊಂದು ಬೇರೆ ದಾರಿ ಹಿಡಿದು, ಧ್ವನಿಮೂಲವನ್ನೇ ತಲೆಬುರುಡೆಯಲ್ಲಿ ಕೂರಿಸಿತು. ಅಂಥ ಸಾಧನ ಬಳಸಿದ ಅಮೆರಿಕದ ಪ್ರಯೋಗವೊಂದರ ವರದಿ 2023ರಲ್ಲಿ ಪ್ರಕಟವಾಯಿತು. 17 ಗೆಡ್ಡೆ ರೋಗಿಗಳು ಭಾಗವಹಿಸಿದ್ದ ಅದರಲ್ಲಿ, ತೆರೆದ ತಡೆ ಬಹುಮಟ್ಟಿಗೆ ಒಂದು ಗಂಟೆಯೊಳಗೆ ಮುಚ್ಚಿಕೊಂಡದ್ದು ಕಂಡುಬಂದಿತು. ಹಾಗಾಗಿ ಔಷಧಿ ಕೊಡುವ ಹೊತ್ತೂ ಮುಖ್ಯ. ಬೇಗ ಮುಚ್ಚುವುದು ಒಳ್ಳೆಯದೇ, ಏಕೆಂದರೆ ತಡೆ ಇಲ್ಲದ ಮಿದುಳಿಗೆ ರಕ್ಷಣೆಯೂ ಇಲ್ಲ.

2024ರ ಜನವರಿಯಲ್ಲಿ ವೆಸ್ಟ್ ವರ್ಜೀನಿಯದ ತಂಡ ಆಲ್‌ಝೈಮರ್ ರೋಗದ ಪ್ರಯೋಗವೊಂದನ್ನು ವರದಿ ಮಾಡಿತು. ಅಡುಕನುಮ್ಯಾಬ್ ಎಂಬ ಪ್ರತಿಕಾಯವನ್ನು ಕೊಟ್ಟು ತಡೆ ತೆರೆದ ಭಾಗಗಳಲ್ಲಿ ಅಮಿಲಾಯ್ಡ್ ಶೇಖರಣೆ, ತೆರೆಯದ ಭಾಗಗಳಿಗಿಂತ ಸರಾಸರಿ ಶೇಕಡ 32ರಷ್ಟು ಹೆಚ್ಚು ಇಳಿದಿತ್ತು. ಆದರೆ ಭಾಗವಹಿಸಿದವರು ಮೂವರು ಮಾತ್ರ. ಆ ಔಷಧಿಯನ್ನು ಕೈಬಿಡುವುದಾಗಿ ಕಂಪನಿ ಅದೇ ವರ್ಷ ಪ್ರಕಟಿಸಿತು. ಶೇಖರಣೆ ಇಳಿದಾಕ್ಷಣ ನೆನಪು ಮರಳಿತೆಂದೂ ಅರ್ಥವಲ್ಲ.

ರೋಗಿಗಳು ತಿಳಿದಿರಬೇಕಾದುದು

ಇಂಥ ಸುದ್ದಿ ಬಂದಾಗ ರೋಗಿಯ ಮನೆಯವರಲ್ಲಿ ಆಸೆ ಚಿಗುರುವುದು ಸಹಜ. ನಮ್ಮ ಊರಿನ ಸ್ಕ್ಯಾನಿಂಗ್ ಕೇಂದ್ರದಲ್ಲೇ ಇದನ್ನು ಮಾಡಿಸಬಹುದೇ ಎಂದೂ ಕೇಳಬಹುದು. ಸಾಧ್ಯವಿಲ್ಲ. ಬಸುರಿಯರ ಹೊಟ್ಟೆ ನೋಡುವ ಯಂತ್ರ ಚಿತ್ರ ತೆಗೆಯುತ್ತದೆಯೇ ಹೊರತು ಮಿದುಳಿನ ತಡೆಯನ್ನು ತೆರೆಯಲಾರದು. ಅದೇ ಕಾರಣಕ್ಕೆ ಆ ಸ್ಕ್ಯಾನಿಂಗ್‌ಗೆ ಹೆದರಬೇಕಾಗಿಯೂ ಇಲ್ಲ.

ತಡೆ ತೆರೆಯುವ ಈ ವಿಧಾನ ಇನ್ನೂ ಪ್ರಯೋಗದ ಹಂತದಲ್ಲಿದೆ. ಇದನ್ನು ನಂಬಿ ಫಿಟ್ಸ್, ಪಾರ್ಕಿನ್‌ಸನ್ ಅಥವಾ ಕ್ಷಯಕ್ಕೆ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನಿಲ್ಲಿಸಬಾರದು. ಇಂಥ ಪ್ರಯೋಗಕ್ಕೆ ಸೇರಿರೆಂದು ಯಾರಾದರೂ ಕರೆದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಾಗಿದೆಯೇ ಎಂದು ಕೇಳಬೇಕು. ಔಷಧ ಪ್ರಯೋಗಗಳಿಗೆ ಈ ನೋಂದಣಿ 2009ರಿಂದ ಕಡ್ಡಾಯ. ಒಪ್ಪಿಗೆ ಪತ್ರವನ್ನು ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡ ಮೇಲೆಯೇ ಸಹಿ ಹಾಕಬೇಕು. ಎಷ್ಟು ಜನರಲ್ಲಿ ಮಾಡಿದ್ದಾರೆ, ತಡೆ ಎಷ್ಟು ಹೊತ್ತಿನಲ್ಲಿ ಮುಚ್ಚಿತು, ರಕ್ತಸ್ರಾವವಾಯಿತೇ, ರೋಗಿಯ ಬದುಕು ಸುಧಾರಿಸಿತೇ ಎಂಬ ನಾಲ್ಕು ಪ್ರಶ್ನೆಗಳನ್ನು ವೈದ್ಯರಿಗೆ ಕೇಳುವ ಹಕ್ಕು ಎಲ್ಲರಿಗೂ ಇದೆ.