ಹಿಂದಕ್ಕೆಳೆದರೆ ಮುಂದಕ್ಕೆ

ಕುತ್ತಿಗೆಯಿಂದ ಕೆಳಗೆ ಎಡ್ ರಾಬರ್ಟ್ಸ್‌ನ ಮಾತು ಕೇಳುತ್ತಿದ್ದದ್ದು ಒಂದು ಕೈಯ ಎರಡು ಬೆರಳು, ಕಾಲಿನ ಕೆಲವು ಬೆರಳು, ಅಷ್ಟೇ. ಆ ಎರಡು ಕೈಬೆರಳಿಗೂ ಏನನ್ನಾದರೂ ಮುಂದಕ್ಕೆ ತಳ್ಳುವ ಕಸುವಿರಲಿಲ್ಲ. ತನ್ನ ಕಡೆಗೆ ಎಳೆದುಕೊಳ್ಳುವಷ್ಟು ಮಾತ್ರ ಇತ್ತು. ಬ್ಯಾಟರಿಯಿಂದ ಓಡುವ ಗಾಲಿಕುರ್ಚಿಯ ಹಿಡಿಯನ್ನೋ, ಮುಂದಕ್ಕೆ ತಳ್ಳಿದರೆ ಕುರ್ಚಿಯೂ ಮುಂದೆ ಹೋಗುವಂತೆ ಕೂರಿಸಿರುತ್ತಾರೆ. ಆದ್ದರಿಂದ ಇಂಥ ಕುರ್ಚಿ ಇವನಿಗೆ ಆಗಿಬರುವುದಿಲ್ಲ ಎಂದು ಬಲ್ಲವರು ತೀರ್ಮಾನಿಸಿಬಿಟ್ಟಿದ್ದರು. ಅವನೂ ಒಪ್ಪಿಕೊಂಡಿದ್ದ. ಎಲ್ಲಿಗೆ ಹೋಗಬೇಕಾದರೂ ಹಿಂದೆ ಒಬ್ಬರು ತಳ್ಳಬೇಕು.

ಆಮೇಲೆ ಅವನಿಗೆ ಒಬ್ಬ ಹುಡುಗಿಯ ಮೇಲೆ ಮನಸ್ಸಾಯಿತು. ಇಬ್ಬರೇ ಎಲ್ಲಾದರೂ ಹೋಗಿ ಕೂತು ಮಾತಾಡೋಣವೆಂದರೆ ಬೆನ್ನ ಹಿಂದೆ ಮೂರನೆಯವನೊಬ್ಬ ನಿಂತೇ ಇರುತ್ತಾನೆ. ಇದು ತಡೆಯಲಾರದ ಕಷ್ಟವಾಯಿತು. ಹಿಡಿಯ ಪೆಟ್ಟಿಗೆಯನ್ನು ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ, ಮತ್ತೆ ಕೂರಿಸಲಾಯಿತು. ಈಗ ಬೆರಳಿನಿಂದ ತನ್ನತ್ತ ಎಳೆದುಕೊಂಡರೆ ಕುರ್ಚಿ ಮುಂದಕ್ಕೆ ಹೋಗುತ್ತಿತ್ತು. ಒಂದೇ ದಿನದಲ್ಲಿ ನಡೆಸುವುದನ್ನು ಕಲಿತೆನೆಂದು ಅವನು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಸ್ಕ್ರೂಡ್ರೈವರ್ ಹಿಡಿದವರಿಗೆ ಇದು ದೊಡ್ಡ ಕೆಲಸವೇ ಅಲ್ಲ. ಆದರೂ ಅಷ್ಟು ಕಾಲ ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಎಲ್ಲರೂ ನೋಡುತ್ತಿದ್ದದ್ದು ಬೆರಳನ್ನು. ಹಿಡಿಯನ್ನು ಯಾರೂ ನೋಡಿರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಎಂಬ ಊರಿನಲ್ಲಿ 1960ರ ದಶಕದಲ್ಲಿ ಕೆಲವು ವಿದ್ಯಾರ್ಥಿಗಳು ಕಂಡುಕೊಂಡದ್ದೆಲ್ಲ ಇದೇ ಬಗೆಯದು. ಅದರಲ್ಲಿ ಒಂದನ್ನಂತೂ ನಾನು ದೊಡ್ಡ ಆವಿಷ್ಕಾರಗಳ ಸಾಲಿಗೇ ಸೇರಿಸುತ್ತೇನೆ. ಅದಕ್ಕೆ ಪೇಟೆಂಟಿಲ್ಲ, ಯಂತ್ರವಿಲ್ಲ.

ಎಡ್‌ಗೆ ಪೋಲಿಯೊ ತಗುಲಿದ್ದು 1953ರಲ್ಲಿ, 14ನೇ ವಯಸ್ಸಿಗೆ. ಅದನ್ನು ತಡೆಯುವ ಸಾಲ್ಕ್ ಲಸಿಕೆ ಬರಲು ಇನ್ನೆರಡು ವರ್ಷ ಇತ್ತು. ಚೆಂಡಾಟದ ಹುಚ್ಚಿನ ಹುಡುಗ ಕಬ್ಬಿಣದ ಶ್ವಾಸಕೋಶದೊಳಗೆ ಮಲಗಿದ. ಅದೊಂದು ಉದ್ದನೆಯ ಉಕ್ಕಿನ ಪೀಪಾಯಿ. ತಲೆ ಮಾತ್ರ ಹೊರಗೆ, ಕತ್ತಿನ ಸುತ್ತ ಗಾಳಿ ಸೋರದಂತೆ ಬಿಗಿದ ಪಟ್ಟಿ. ಒಳಗಿನ ಗಾಳಿಯ ಒತ್ತಡ ಇಳಿದಾಗ ಎದೆ ತಾನಾಗಿ ಹಿಗ್ಗಿ ಉಸಿರು ಒಳಕ್ಕೆ ಬರುತ್ತದೆ, ಏರಿದಾಗ ಹೊರಕ್ಕೆ ಹೋಗುತ್ತದೆ. ಇವನು ಬದುಕಿದರೂ ಜೀವಮಾನವಿಡೀ ಒಂದು ತರಕಾರಿಯಂತೆ ಬಿದ್ದಿರುತ್ತಾನೆ ಎಂದು ವೈದ್ಯರು ತಾಯಿ ಜೋನಾಗೆ ಹೇಳಿದ್ದು ಹುಡುಗನ ಕಿವಿಗೂ ಬಿತ್ತು. ಅವನು ಊಟ ಬಿಟ್ಟ. ಮೈ ಮೂಳೆಗೆ ಅಂಟಿತು. ಹಗಲೂ ರಾತ್ರಿ ಪಕ್ಕದಲ್ಲಿದ್ದು ಉಣಿಸಲು ಹೆಣಗುತ್ತಿದ್ದ ಕೊನೆಯ ನರ್ಸ್ ಹೊರಟುಹೋದ ದಿನ, ಇನ್ನು ಸಾಯುವುದೋ ಬದುಕುವುದೋ ತನ್ನ ಕೈಯಲ್ಲೇ ಇದೆ ಎಂದು ಅವನಿಗೆ ಅನಿಸಿತಂತೆ. ಅಂದಿನಿಂದ ತಿನ್ನತೊಡಗಿದ. ತರಕಾರಿಯೇ ಆಗಬೇಕಾದರೆ ಆರ್ಟಿಚೋಕ್ ಆಗುತ್ತೇನೆ, ಹೊರಗೆ ಮುಳ್ಳು, ಒಳಗೆ ಮೆತ್ತನೆಯ ತಿರುಳು ಎಂದು ದೊಡ್ಡವನಾದ ಮೇಲೆ ನಗುತ್ತಿದ್ದ. ನಮ್ಮ ಕಡೆ ಹುಟ್ಟಿದ್ದರೆ ಹಲಸು ಎನ್ನುತ್ತಿದ್ದನೋ ಏನೋ.

ಹಗಲು ಕೆಲವು ಗಂಟೆ ಪೀಪಾಯಿಯಿಂದ ಹೊರಗಿರಲು ಅವನು ಕಪ್ಪೆಯುಸಿರು ಕಲಿತ. ಬಾಯಿಯಿಂದ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿ ಎದೆಗಿಳಿಸುವುದು. ಶಾಲೆಯ ಪಾಠ ಫೋನಿನ ತಂತಿಯಲ್ಲಿ ಮನೆಗೆ ಬರುತ್ತಿತ್ತು. ವಾರಕ್ಕೊಮ್ಮೆಯಾದರೂ ಶಾಲೆಗೆ ಹೋಗಲೇಬೇಕೆಂದು ಜೋನಾ ಪಟ್ಟು ಹಿಡಿದಳು. ಜನ ನೆಟ್ಟ ಕಣ್ಣಿನಿಂದ ನೋಡುತ್ತಾರೆಂಬ ಹೆದರಿಕೆಯಲ್ಲೇ ಹೋದ. ನೋಡಿದರು ಕೂಡ. ಅವನು ತಿರುಗಿ ನೋಡಿದಾಗ ಅವರೇ ಕಣ್ಣು ತಪ್ಪಿಸಿದರು. ನಾಚಿಕೆ ತನ್ನದಲ್ಲ, ನೋಡುವವರದು ಎಂದು ತಿಳಿದದ್ದು ಆಗ. ಹೈಸ್ಕೂಲು ಮುಗಿಯುವಾಗ ದೈಹಿಕ ಶಿಕ್ಷಣ, ಕಾರು ಓಡಿಸುವ ತರಬೇತಿ ಎರಡೂ ಆಗಿಲ್ಲವೆಂದು ಪ್ರಮಾಣಪತ್ರ ತಡೆದರು. ತಾಯಿ ಹೋರಾಡಿ ಪಡೆದಳು.

1962ರಲ್ಲಿ ಅವನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ರಾಜ್ಯಶಾಸ್ತ್ರ ಓದಲು ಬಂದ. ಖರ್ಚು ಕೊಡಬೇಕಾಗಿದ್ದ ರಾಜ್ಯದ ಪುನರ್ವಸತಿ ಇಲಾಖೆ, ಇವನು ಎಂದೂ ಉದ್ಯೋಗಕ್ಕೆ ಅರ್ಹನಾಗಲಾರ ಎಂದು ಅರ್ಜಿ ತಳ್ಳಿಹಾಕಿತ್ತು. ವಿಷಯ ಪತ್ರಿಕೆಗೆ ಬಂದ ಮೇಲೆ ನಿಲುವು ಬದಲಿಸಿತು. ಸುಮಾರು 360 ಕಿಲೋ ತೂಕದ ಶ್ವಾಸಯಂತ್ರವನ್ನು ಹಾಸ್ಟೆಲಿನ ನೆಲ ತಡೆಯುವಂತಿರಲಿಲ್ಲ. ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯ ಮುಖ್ಯಸ್ಥ ಡಾ. ಹೆನ್ರಿ ಬ್ರೂಯ್ನ್, ಇಲ್ಲೊಂದು ಕೋಣೆ ಇದೆ, ಆದರೆ ರೋಗಿಯಾಗಿ ಬೇಡ, ವಿದ್ಯಾರ್ಥಿಯಾಗಿ ಇರಲಿ ಎಂದರು. ಮರುವರ್ಷ ಜಾನ್ ಹೆಸ್ಲರ್ ಬಂದ. ಈಜುವಾಗ ಕತ್ತು ಮುರಿದುಕೊಂಡು ಅವನ ಕೈಕಾಲು ಹೋಗಿದ್ದವು. ಸುದ್ದಿ ಹರಡಿ ಆ ದಶಕ ಮುಗಿಯುವ ಹೊತ್ತಿಗೆ ಹತ್ತು ಹನ್ನೆರಡು ಜನ ಸೇರಿದರು. ತಮ್ಮ ಗುಂಪಿಗೆ ತಾವೇ ‘ರೋಲಿಂಗ್ ಕ್ವಾಡ್ಸ್’ ಎಂದು ಹೆಸರಿಟ್ಟುಕೊಂಡರು. ನಾಲ್ಕೂ ಕೈಕಾಲು ಬಿದ್ದವರು, ಉರುಳುವವರು ಎಂದರ್ಥ.

ಸ್ವತಂತ್ರವಾಗುವುದಕ್ಕೆ ಕನ್ನಡದಲ್ಲಿ ನಾವು ದಿನವೂ ಆಡುವ ಮಾತು ‘ತನ್ನ ಕಾಲ ಮೇಲೆ ತಾನು ನಿಲ್ಲುವುದು’. ಆ ಕಾಲದ ಪುನರ್ವಸತಿ ಶಾಸ್ತ್ರವೂ ಹಾಗೆಯೇ ಯೋಚಿಸುತ್ತಿತ್ತು. ಸ್ವತಃ ಅಂಗಿ ತೊಟ್ಟರೆ ಇಷ್ಟು ಅಂಕ, ತುತ್ತು ಎತ್ತಿದರೆ ಇಷ್ಟು, ನಡೆದರೆ ಇನ್ನಷ್ಟು. ಆ ಲೆಕ್ಕದಲ್ಲಿ ಕೋವೆಲ್‌ನ ಮೂರನೇ ಮಹಡಿಯಲ್ಲಿದ್ದ ಈ ವಿದ್ಯಾರ್ಥಿಗಳಿಗೆಲ್ಲ ಸೊನ್ನೆ. ಒಂದು ಅಂಗಿ ತೊಡಲು ಎರಡು ಗಂಟೆ ಹೆಣಗಿ, ದಣಿದು, ತರಗತಿ ತಪ್ಪಿಸಿಕೊಂಡವನು ಸ್ವತಂತ್ರನೋ? ಇನ್ನೊಬ್ಬರ ಕೈಯಲ್ಲಿ ಹದಿನೈದು ನಿಮಿಷದಲ್ಲಿ ತೊಡಿಸಿಕೊಂಡು, ತರಗತಿ ಕೇಳಿ, ಸಂಜೆ ಗೆಳೆಯರೊಡನೆ ಸಿನಿಮಾಕ್ಕೆ ಹೋದವನು ಸ್ವತಂತ್ರನೋ? ಅವರು ಎರಡನೆಯವನೇ ಎಂದರು. ಸಹಾಯ ಬೇಕಾಗುವುದು ಪಾರತಂತ್ರ್ಯವಲ್ಲ. ಯಾವ ಅಂಗಿ, ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ ಎಂಬುದನ್ನು ಬೇರೆಯವರು ನಿರ್ಧರಿಸುವುದು ಪಾರತಂತ್ರ್ಯ.

ನಮ್ಮ ಭಾಷೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ: ಹಂಗು. ಕೋವೆಲ್‌ನ ಹುಡುಗರು ಸಹಾಯವನ್ನು ಇಟ್ಟುಕೊಂಡು ಹಂಗನ್ನು ಬಿಡಿಸಿದರು. ನಾನು ದೊಡ್ಡ ಆವಿಷ್ಕಾರ ಎಂದದ್ದು ಇದನ್ನೇ. ಸರ್ಕಾರದ ಹಣ ಆಸ್ಪತ್ರೆಗೋ ಸಂಸ್ಥೆಗೋ ಹೋಗುವ ಬದಲು ಸಹಾಯಕರ ಸಂಬಳಕ್ಕೆ ಬರಲಿ. ಆ ಸಹಾಯಕರನ್ನು ನಾವೇ ನೋಡಿ ಆರಿಸುತ್ತೇವೆ, ಕೆಲಸ ಕಲಿಸುತ್ತೇವೆ, ಸರಿಹೋಗದಿದ್ದರೆ ಬಿಡಿಸುತ್ತೇವೆ ಎಂದರು. ಬೆಳಿಗ್ಗೆ ಎತ್ತಿ ಕೂರಿಸುವವನು ಇನ್ನು ಮೇಲೆ ದಯೆ ತೋರುವವನಲ್ಲ, ಮಲಗಿರುವವನೇ ಕೊಡುವ ಸಂಬಳದ ಕೆಲಸಗಾರ. ಹೊರಗಿನಿಂದ ನೋಡಿದರೆ ಎರಡೂ ಒಂದೇ ದೃಶ್ಯ, ಒಂದೇ ಕೈ, ಒಂದೇ ಅಂಗಿ. ಕೇಳಿ ಪಡೆಯುವ ಪ್ರತಿಯೊಂದು ಲೋಟ ನೀರಿಗೂ ಮುಖ ನೋಡಬೇಕಾದ ಬದುಕನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ವ್ಯತ್ಯಾಸ ಎಷ್ಟು ದೊಡ್ಡದೆಂದು ಗೊತ್ತಾದೀತು.

ಆಮೇಲಿನದ್ದು ವೇಗವಾಗಿ ನಡೆಯಿತು. 1970ರಲ್ಲಿ ವಿಶ್ವವಿದ್ಯಾಲಯದೊಳಗೇ ಅಂಗವಿಕಲ ವಿದ್ಯಾರ್ಥಿಗಳು ತಾವೇ ನಡೆಸುವ ಒಂದು ಕಚೇರಿ ಶುರುವಾಯಿತು. ಹೆಸ್ಲರ್ ಅದರ ಮುಖ್ಯಸ್ಥ. ಅಲ್ಲಿನ ಅತಿ ಮುಖ್ಯ ವಿಭಾಗವೆಂದರೆ ರಿಪೇರಿ ಅಂಗಡಿ ಎನ್ನಬೇಕು. ಆ ಕಾಲದ ಗಾಲಿಕುರ್ಚಿ ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ್ದು. ಇವರು ಅದನ್ನು ಏರುಬೀದಿಗಳಲ್ಲಿ ಓಡಿಸಿದರು. ಬೇರಿಂಗ್ ಸವೆಯಿತು, ಚೌಕಟ್ಟು ಸೀಳಿತು, ಬೆಲ್ಟ್ ಜಾರಿತು. ಮಾರಿದವರಿಗೆ ಕಳಿಸಿದರೆ ವಾರಗಟ್ಟಲೆ ಹಾಸಿಗೆಯೇ ಗತಿ. ಆದ್ದರಿಂದ ತಮ್ಮದೇ ಅಂಗಡಿ ಇಟ್ಟರು, ಮುರಿದದ್ದನ್ನು ಕೂಡಿಸುತ್ತ ಕೂಡಿಸುತ್ತ ಕುರ್ಚಿಯನ್ನೇ ಗಟ್ಟಿಮಾಡಿದರು. ವಿದ್ಯಾರ್ಥಿಗಳಲ್ಲದ ಊರಿನವರೂ ಬಾಗಿಲು ತಟ್ಟತೊಡಗಿದಾಗ, 1972ರಲ್ಲಿ, ‘ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್’ ಹುಟ್ಟಿತು. ಆಡಳಿತದಲ್ಲಿ ಹೆಚ್ಚಿನವರು ವಿಕಲಚೇತನರೇ ಇರಬೇಕೆಂಬುದು ಅದರ ಮೂಲ ಕಟ್ಟಳೆ. ಹೊಸದಾಗಿ ಬೆನ್ನುಹುರಿ ಮುರಿದುಕೊಂಡು ಬಂದವನ ಎದುರು ಕೂತು ಮಾತಾಡುವವಳು ಹತ್ತು ವರ್ಷ ಅದೇ ಕುರ್ಚಿಯಲ್ಲಿ ಬದುಕಿದವಳು. ಪದವಿ ಪಡೆದ ಯಾವ ಸಲಹೆಗಾರನಿಗೂ ಆ ಅನುಭವ ಇರಲಿಲ್ಲ.

ಇದೇ ಗುಂಪಿನ ಹೇಲ್ ಜೂಕಸ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಮಾತು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ತಲೆಗೆ ಕಟ್ಟಿದ ಕಡ್ಡಿಯಿಂದ ಅಕ್ಷರಗಳ ಹಲಗೆಯನ್ನು ಮುಟ್ಟಿ ಮುಟ್ಟಿ ಮಾತು ಕಟ್ಟುತ್ತಿದ್ದ. ಬರ್ಕ್ಲಿಯಲ್ಲೇ ಗಣಿತದ ಪದವಿ ಪಡೆದವನು. ಫುಟ್‌ಪಾತಿನ ಅಂಚನ್ನು ಎಲ್ಲಿ ಇಳಿಸಬೇಕು, ಎಷ್ಟು ಓರೆಯಾಗಿ ಇಳಿಸಬೇಕು ಎಂಬ ಲೆಕ್ಕಗಳಲ್ಲಿ ನಗರದ ಅಧಿಕಾರಿಗಳ ಜೊತೆ ಕೂತು ಕೆಲಸ ಮಾಡಿದ. ಅರ್ಧ ಅಡಿ ಎತ್ತರದ ಅಂಚು ನಡೆಯುವವರಿಗೆ ಕಣ್ಣಿಗೇ ಬೀಳುವುದಿಲ್ಲ, ಗಾಲಿಗೆ ಅದು ಗೋಡೆ. ಕೆಲವು ಮೂಲೆಗಳಿಗೆ ಸಹಾಯಕರೇ ಒಂದೆರಡು ಚೀಲ ಕಾಂಕ್ರೀಟು ಕಲಸಿ ಹಾಕಿದ್ದೂ ಉಂಟು. ರಾತ್ರೋರಾತ್ರಿ ಸುತ್ತಿಗೆ ಹಿಡಿದು ಬೀದಿಯೆಲ್ಲ ಒಡೆದರೆಂಬ ಕತೆ ಮಾತ್ರ ಹೇಳುತ್ತ ಹೇಳುತ್ತ ಬೆಳೆದದ್ದು. 1971ರಲ್ಲಿ ನಗರಸಭೆಯೇ ಇಳಿಜಾರುಗಳನ್ನು ತನ್ನ ನೀತಿಯಾಗಿ ಒಪ್ಪಿತು.

ಇಲ್ಲೊಂದು ತೊಡಕು ಎದುರಾಯಿತು. ಬಿಳಿ ಕೋಲು ಹಿಡಿದು ನಡೆಯುವ ಅಂಧರಿಗೆ ರಸ್ತೆ ಎಲ್ಲಿ ಶುರುವಾಗುತ್ತದೆಂದು ತಿಳಿಸುತ್ತಿದ್ದದ್ದೇ ಆ ಅಂಚು. ಒಬ್ಬರ ಗೋಡೆ ಇನ್ನೊಬ್ಬರ ಎಚ್ಚರಿಕೆಯ ಗೆರೆ. ಇದಕ್ಕೆ ಉತ್ತರ ಆಗಲೇ ದೂರದ ಜಪಾನಿನಲ್ಲಿ ಸಿದ್ಧವಾಗಿತ್ತು. ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ, ಪಾದಕ್ಕೂ ಕೋಲಿಗೂ ತಾಗುವ ಉಬ್ಬು ಗುಂಡಿಗಳ ಹಾಸುಬಿಲ್ಲೆಗಳನ್ನು 1967ರಲ್ಲಿ ಒಕಯಾಮಾದ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಬಾರಿ ಹಾಕಿದ್ದರು. ಇಳಿಜಾರಿನ ಮೇಲೆ ಈ ಬಿಲ್ಲೆ ಬಂದ ಮೇಲೆ ಗಾಲಿಯೂ ಕೋಲೂ ಒಂದೇ ಮೂಲೆಯಲ್ಲಿ ಹೊಂದಿಕೊಂಡವು. ನಮ್ಮ ಮೆಟ್ರೊ ನಿಲ್ದಾಣಗಳಲ್ಲಿ ಕಾಲಿಗೆ ತಾಗುವ ಹಳದಿ ಉಬ್ಬುಬಿಲ್ಲೆ ಅದೇ.

ನಮ್ಮಲ್ಲೂ ಇಂಥ ಆರಂಭಗಳು ತಡವಾಗಿ ಏನೂ ಆಗಲಿಲ್ಲ. ಎಡ್ ಬರ್ಕ್ಲಿಗೆ ಹೋಗುವುದಕ್ಕೂ ಮೂರು ವರ್ಷ ಮೊದಲು, 1959ರಲ್ಲಿ, ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಈಗ ಎಪಿಡಿ ಎಂದು ಎಲ್ಲರೂ ಕರೆಯುವ, ವಿಕಲಚೇತನರ ಸಂಸ್ಥೆಯನ್ನು ಶುರುಮಾಡಿದರು. ಅಲ್ಲಿ ತೋಟಗಾರಿಕೆಯಂಥ ಕೆಲಸ ಕಲಿತವರು ಎಷ್ಟೋ ಮಂದಿ. ಇನ್ನು ಹಳ್ಳಿಗಳ ಕಡೆ ಹೋದರೆ ವಿಆರ್‌ಡಬ್ಲ್ಯೂ ಎಂಬ ಮೂರಕ್ಷರ ಬಲ್ಲವರು ಬಹಳ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾವೇ ವಿಕಲಚೇತನರು. ಹಿಂದೆ ಎರಡು ಹೆಚ್ಚುವರಿ ಗಾಲಿ ಕಟ್ಟಿಸಿದ ಸ್ಕೂಟರಿನಲ್ಲಿ, ಹ್ಯಾಂಡಲಿಗೆ ಕಡತದ ಚೀಲ ಸಿಕ್ಕಿಸಿಕೊಂಡು ಬರುತ್ತಾರೆ. ಮಾಸಾಶನದ ಅರ್ಜಿ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಮಗುವಿನ ಶಾಲೆ, ಶ್ರವಣ ಸಾಧನ ಎಲ್ಲಕ್ಕೂ ಓಡಾಡುತ್ತಾರೆ. ಸಿಗುವುದು ಗೌರವಧನ ಮಾತ್ರ. ಬಾಗಿಲಲ್ಲಿ ಸ್ಕೂಟರು ನಿಂತಾಗ ಒಳಗೆ ಹಾಸಿಗೆ ಹಿಡಿದ ಮಗನ ತಾಯಿ ಮೊದಲು ನೋಡುವುದು ಬಂದವರ ಕಾಲನ್ನು, ಆಮೇಲೆ ಕಡತವನ್ನು. ಬರ್ಕ್ಲಿಯ ಕೇಂದ್ರದಲ್ಲಿ ಎದುರುಬದುರು ಕೂತು ನಡೆಯುತ್ತಿದ್ದದ್ದು ಇದೇ ಕೆಲಸ.

ರಸ್ತೆಯದ್ದು ಮಾತ್ರ ಹೇಳಿಕೊಳ್ಳುವಂತಿಲ್ಲ. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಇಳಿಜಾರಿದೆ, ಅಳತೆಯೂ ಸರಿಯಾಗಿದೆ, ಹಳದಿ ಬಿಲ್ಲೆಯೂ ಇದೆ. ಬಿಲ್ಲೆಗಳ ಸಾಲು ನೇರವಾಗಿ ಹೋಗಿ ಒಂದು ವಿದ್ಯುತ್ ಕಂಬಕ್ಕೆ ಮುಗಿಯುತ್ತದೆ. ಗಾಲಿ ತೂರಬೇಕಾದ ಜಾಗದಲ್ಲಿ ಬೈಕು ಹತ್ತದಿರಲೆಂದು ಕಲ್ಲು ನೆಟ್ಟಿದ್ದಾರೆ. ಪ್ರತಿ ಸಲ ಅಲ್ಲಿ ಹಾಯುವಾಗ ನನಗೆ ಸಂಕಟವಾಗುತ್ತದೆ. ಕಾಸು ಖರ್ಚಾಗಿದೆ, ಕೆಲಸವೂ ಆಗಿದೆ, ಹಾಕುವ ಮುನ್ನ ಗಾಲಿಕುರ್ಚಿಯವರೊಬ್ಬರನ್ನು ಕರೆದು ಕೇಳಿಲ್ಲ ಅಷ್ಟೇ.

ಮತ್ತೆ ಎಡ್‌ನ ಕತೆಗೆ ಬಂದರೆ, 1975ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ರಾಜ್ಯದ ಪುನರ್ವಸತಿ ಇಲಾಖೆಗೆ ಹೊಸ ನಿರ್ದೇಶಕರನ್ನು ನೇಮಿಸಿದರು: ಎಡ್ ರಾಬರ್ಟ್ಸ್. ಉದ್ಯೋಗಕ್ಕೆ ಅರ್ಹನಲ್ಲ ಎಂದು ಒಮ್ಮೆ ಬರೆದಿದ್ದ ಅದೇ ಇಲಾಖೆ. 1977ರಲ್ಲಿ, ಅಂಗವಿಕಲರ ವಿರುದ್ಧದ ತಾರತಮ್ಯ ತಡೆಯುವ, ಅಮೆರಿಕದ ಕಾಯ್ದೆಯೊಂದರ 504ನೇ ಕಲಮಿನ ನಿಯಮಗಳಿಗೆ ಸಹಿ ಬೀಳಲೆಂದು ಹೋರಾಟಗಾರ್ತಿ ಜೂಡಿ ಹ್ಯೂಮನ್ ಮುಂದಾಳತ್ವದಲ್ಲಿ ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಮೀರಿ ಕೂತಾಗ, ನಿರ್ದೇಶಕರು ಆ ಚಳವಳಿಗಾರರ ಪರವಾಗಿ ಮಾತಾಡಿದರು. ಒಬ್ಬರನ್ನೊಬ್ಬರು ಮಗ್ಗುಲು ಹೊರಳಿಸುತ್ತ, ನೆಲದ ಮೇಲೆ ಮಲಗುತ್ತ ಅಷ್ಟು ದಿನ ಕಳೆಯುವುದು ಸಾಧ್ಯವಾದದ್ದು ಬರ್ಕ್ಲಿಯಲ್ಲಿ ಕಲಿತ ಪಾಠದಿಂದ. ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದುಕೊಟ್ಟರು. ಸಹಿ ಬಿತ್ತು.

ರಾಬರ್ಟ್ಸ್ 1995ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ, ವಿಕಲಚೇತನರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತವರ ಸಂಗಡಿಗರು ದೆಹಲಿಯಲ್ಲಿ ಬೀದಿಗಿಳಿದ ಮೇಲೆ, ನಮ್ಮ ಸಂಸತ್ತು ಅಂಗವಿಕಲರ ಮೊದಲ ಸಮಗ್ರ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು.

ರಾಬರ್ಟ್ಸ್ ಅವರ ಗಾಲಿಕುರ್ಚಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಕಾರಿನಿಂದ ತೆಗೆದು ಕೂರಿಸಿದಂಥ ಸೀಟು. ರಾತ್ರಿಯ ಓಡಾಟಕ್ಕೆ ಮುಂದೊಂದು ದೀಪ. ಬೆನ್ನ ಹಿಂದೆ ಉಸಿರಾಟದ ಯಂತ್ರ, ಬ್ಯಾಟರಿ ಇಡುವ ಜಾಗ. ಅವುಗಳ ಜೊತೆಗೆ, ಇಳಿಜಾರಿಲ್ಲದ ಬಾಗಿಲು ಎದುರಾದರೆ ಇಳಿಸಿ ಹಾಕಿಕೊಳ್ಳಲು, ಮಡಚಿಡಬಲ್ಲ ಒಂದು ಪುಟ್ಟ ಇಳಿಜಾರು.