ಮೋಟಾರು, ವಿದ್ಯುತ್ತು ಮತ್ತು ಶಾಸನಸಭೆಯ ಅಧಿಕಾರ

ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಹಂಪಾಪುರವೆಂಬ ಹೋಬಳಿಯ ಕೇಂದ್ರಗ್ರಾಮವಿದೆ. ಅಲ್ಲಿಯೂ ಹಳೆಯ ಮೈಸೂರು ಸೀಮೆಯ ಇತರ ಹಳ್ಳಿಗಳಲ್ಲಿಯೂ ಆಡುನುಡಿಯ ‘ಮೋಟಾರು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬಾವಿಯಿಂದ ನೀರೆತ್ತುವ ಯಂತ್ರವೂ ಮೋಟಾರೇ. ಹಿರಿಯರ ಬಾಯಲ್ಲಿ ಬಸ್ಸೂ ಮೋಟಾರೇ. ನುಡಿಯು ಒಂದೇ ಹೆಸರಿನಿಂದ ಕರೆದ ಈ ಎರಡನ್ನು ಶಾಸನವು ಮಾತ್ರ ಮೊದಲಿನಿಂದಲೂ ಬೇರೆಯಾಗಿಯೇ ಕಂಡಿದೆ. ದಾರಿಯ ಮೋಟಾರು ಬೊಕ್ಕಸಕ್ಕೆ ತೆರಿಗೆಯನ್ನು ಕೊಡತಕ್ಕದ್ದು. ಹೊಲದ ಮೋಟಾರು ಬೊಕ್ಕಸದಿಂದ ಸಹಾಯವನ್ನು ಪಡೆಯತಕ್ಕದ್ದು. ವಿದ್ಯುತ್ತಿನಿಂದಲೇ ನಡೆಯುವ ವಾಹನಗಳು ಬಳಕೆಗೆ ಬಂದಿರುವುದರಿಂದ ಈ ವಿಭಾಗವು ಎಷ್ಟರಮಟ್ಟಿಗೆ ನಿಲ್ಲಬಲ್ಲುದು, ಆ ವಿಷಯದಲ್ಲಿ ರಾಜ್ಯದ ಶಾಸಕರ ಕೈಯಲ್ಲಿ ಉಳಿದಿರುವ ಅಧಿಕಾರವೆಷ್ಟು ಎಂಬುದು ಪರ್ಯಾಲೋಚನೆಗೆ ಅರ್ಹವಾಗಿದೆ.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತು ಹುಟ್ಟಿದ್ದು ಸರ್ಕಾರದ ಉದ್ಯಮವಾಗಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯು ಹರಿಯಿತು. 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರು ನಗರಕ್ಕೂ ದೀಪಗಳು ಬಂದವು. ಉತ್ಪಾದಿಸುವವರೂ ಮಾರುವವರೂ ಬೆಲೆ ಕಟ್ಟುವವರೂ ಸರ್ಕಾರದವರೇ ಆಗಿದ್ದುದರಿಂದ, ವಿದ್ಯುತ್ತಿನ ವಿಚಾರವು ಸಭೆಗಳಿಗೆ ಕಾನೂನಿನ ವಿಷಯವಾಗಿ ಬರುವುದಕ್ಕಿಂತ ಹೆಚ್ಚಾಗಿ ಒಂದು ಇಲಾಖೆಯ ಆಯವ್ಯಯವಾಗಿಯೇ ಬರುತ್ತಿತ್ತು. 1881ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲಿ ಶಾಸನಬದ್ಧವಾದ ಸ್ಥಾನ ದೊರೆತು, ಹೊಸ ತೆರಿಗೆಗಳನ್ನು ಹಾಕುವ ಮುನ್ನ ಅದರ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮವಾಯಿತು. 1907ರಲ್ಲಿ ಏರ್ಪಟ್ಟಿದ್ದ ನ್ಯಾಯವಿಧಾಯಕ ಸಭೆಯೂ ಆಗಲೇ ವಿಸ್ತಾರಗೊಂಡಿತು. ಸಭೆಯ ಅಧಿಕಾರವು ಅಲ್ಪವಾಗಿದ್ದರೂ, ಸದಸ್ಯರು ದೂರನ್ನು ಹೇಳಿಕೊಳ್ಳಬಹುದಾಗಿದ್ದ ಸರ್ಕಾರವೇ ಬೆಲೆಯನ್ನು ಕಟ್ಟುವ ಸರ್ಕಾರವೂ ಆಗಿತ್ತು.

ಸಂವಿಧಾನದ ಏಳನೆಯ ಅನುಸೂಚಿಯು ಈ ಸ್ಥಿತಿಯನ್ನು ಬದಲಾಯಿಸಿತು. ವಿದ್ಯುತ್ತು ಸಮವರ್ತಿ ಪಟ್ಟಿಯ 38ನೆಯ ನಮೂದು. ಯಂತ್ರಚಾಲಿತ ವಾಹನಗಳೂ ಅವುಗಳ ಮೇಲಣ ತೆರಿಗೆಯ ತತ್ತ್ವಗಳೂ ಅದೇ ಪಟ್ಟಿಯ 35ನೆಯ ನಮೂದು. ಎರಡರಲ್ಲಿಯೂ ಸಂಸತ್ತಿಗೂ ರಾಜ್ಯಗಳಿಗೂ ಸಮಾನವಾದ ಪ್ರವೇಶವಿದೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ 254ನೆಯ ಅನುಚ್ಛೇದದಂತೆ, ಸಮವರ್ತಿ ವಿಷಯದಲ್ಲಿ ಸಂಸತ್ತಿನ ಶಾಸನಕ್ಕೆ ವಿರುದ್ಧವಾದ ರಾಜ್ಯದ ಶಾಸನವು, ರಾಷ್ಟ್ರಪತಿಗಳ ಅನುಮತಿಯನ್ನು ಪಡೆದಿದ್ದ ಹೊರತು, ವಿರೋಧವಿರುವಷ್ಟರಮಟ್ಟಿಗೆ ನಿಲ್ಲಲಾರದು. 1988ರ ಮೋಟಾರು ವಾಹನಗಳ ಅಧಿನಿಯಮವೂ 2003ರ ವಿದ್ಯುಚ್ಛಕ್ತಿ ಅಧಿನಿಯಮವೂ ಕ್ಷೇತ್ರದ ಬಹುಭಾಗವನ್ನು ಆಕ್ರಮಿಸಿರುವುದರಿಂದ, ರಾಜ್ಯಕ್ಕೆ ನಿಶ್ಚಯವಾಗಿ ಉಳಿದದ್ದು ರಾಜ್ಯಪಟ್ಟಿಯ ಎರಡು ತೆರಿಗೆಗಳು: ವಿದ್ಯುತ್ತಿನ ಬಳಕೆ ಅಥವಾ ಮಾರಾಟದ ಮೇಲಣ ತೆರಿಗೆ (53), ಮತ್ತು ಯಂತ್ರಬಲದಿಂದ ನಡೆಯಲಿ ನಡೆಯದಿರಲಿ ರಸ್ತೆಯಲ್ಲಿ ಬಳಸಲು ತಕ್ಕ ವಾಹನಗಳ ಮೇಲಣ ತೆರಿಗೆ (57). ಈ ಎರಡನೆಯ ನಮೂದಿನ ಮಾತು ಎತ್ತಿನ ಗಾಡಿಯನ್ನೂ ಒಳಗೊಳ್ಳುವಷ್ಟು ಅಗಲವಾಗಿದೆ. ಶಾಸನಸಭೆಗೆ ತರುವ ಕರಡನ್ನು ಹಿಂದೆ ‘ಮಸೂದೆ’ ಎಂಬ ಪಾರಸಿಯ ಮಾತಿನಿಂದ ಕರೆಯುತ್ತಿದ್ದರು. ಈಗ ‘ವಿಧೇಯಕ’ವೆಂಬ ಮಾತೂ ಸಲ್ಲುತ್ತದೆ. ವಿಧೇಯನೆಂದರೆ ಹೇಳಿದಂತೆ ಕೇಳುವವನು ಎಂಬ ಅರ್ಥವನ್ನು ನೆನೆದರೆ, ಸಮವರ್ತಿ ಪಟ್ಟಿಯ ವಿಷಯದಲ್ಲಿಯಾದರೂ ಈ ಹೆಸರು ಅನುಚಿತವೆನಿಸದು.

ವಿದ್ಯುತ್ತಿನ ಬೆಲೆಯು ಶಾಸಕರ ಕೈಯಿಂದ ಜಾರಿದುದು ಹಂತಹಂತವಾಗಿ. 1957ರಲ್ಲಿ ಸರ್ಕಾರದ ಇಲಾಖೆಯ ಸ್ಥಾನದಲ್ಲಿ ವಿದ್ಯುಚ್ಛಕ್ತಿ ಮಂಡಲಿಯು ನಿಂತಿತು. 1999ರಲ್ಲಿ ರಾಜ್ಯದ ಶಾಸನಸಭೆಯೇ ವಿದ್ಯುಚ್ಛಕ್ತಿ ಸುಧಾರಣಾ ಅಧಿನಿಯಮವನ್ನು ಅಂಗೀಕರಿಸಿ, ದರ ಕಟ್ಟುವ ಕೆಲಸವನ್ನು ಒಂದು ನಿಯಂತ್ರಣ ಆಯೋಗಕ್ಕೆ ಒಪ್ಪಿಸಿತು. ಅಂದರೆ ತನ್ನ ಅಧಿಕಾರದ ಒಂದು ಭಾಗವನ್ನು ತಾನೇ ಬಿಟ್ಟುಕೊಟ್ಟಿತು. ಮೈಸೂರು ಪ್ರಾಂತಕ್ಕೆ ವಿದ್ಯುತ್ತನ್ನು ಹಂಚುವ ಚಾಮುಂಡೇಶ್ವರಿ ನಿಗಮವು ದರದ ಏರಿಕೆಗಾಗಿ ಪ್ರಾರ್ಥಿಸಿಕೊಳ್ಳುವುದು ಈ ಆಯೋಗದ ಮುಂದೆಯೇ. 2003ರ ಅಧಿನಿಯಮದ 65ನೆಯ ಪ್ರಕರಣವು ರಾಜ್ಯಸರ್ಕಾರಕ್ಕೆ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟಿದೆ: ಯಾವುದಾದರೊಂದು ವರ್ಗಕ್ಕೆ ಕಡಮೆ ಬೆಲೆಗೆ ಕೊಡಬೇಕೆಂದಿದ್ದರೆ, ಅದರ ವೆಚ್ಚವನ್ನು ಮುಂಗಡವಾಗಿ ತಾನೇ ತುಂಬಿಕೊಡತಕ್ಕದ್ದು. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಲ್ಲಿ ಬಂದ ಉಚಿತ ವಿದ್ಯುತ್ತೂ, 2023ರಲ್ಲಿ ಮನೆಗಳಿಗೆ ಬಂದ ‘ಗೃಹಜ್ಯೋತಿ’ಯೂ ಈ ಬಾಗಿಲಿನಿಂದಲೇ ಪ್ರವೇಶಿಸಿದವು. ಹೀಗಾಗಿ ಹೊಲದ ಮೋಟಾರಿನ ವಿಚಾರವು ಸಭೆಯ ಮುಂದೆ ಬರುವುದು ವಿಧೇಯಕದ ರೂಪದಲ್ಲಲ್ಲ, ಆಯವ್ಯಯದ ಬೇಡಿಕೆಯ ರೂಪದಲ್ಲಿ. ಒಂದು ಶತಮಾನದ ಹಿಂದೆ ಇಲಾಖೆಯ ಲೆಕ್ಕವಾಗಿ ಬರುತ್ತಿದ್ದುದು ಬೇರೊಂದು ದಾರಿಯಿಂದ ತಿರುಗಿ ಲೆಕ್ಕವಾಗಿಯೇ ಬಂದಂತಾಯಿತು.

ದಾರಿಯ ಮೋಟಾರಿನ ಸ್ಥಿತಿ ಬೇರೆ. 1957ರ ಮೋಟಾರು ವಾಹನಗಳ ತೆರಿಗೆ ಅಧಿನಿಯಮವನ್ನು ಶಾಸಕರು ಪದೇಪದೇ ತಿದ್ದುತ್ತ ಬಂದಿದ್ದಾರೆ. ಆದರೂ ಇಲ್ಲಿಯೂ ಎಲ್ಲೆಯುಂಟು. ಹೊರರಾಜ್ಯದ ವಾಹನವು 30 ದಿನಗಳನ್ನು ಮೀರಿ ಕರ್ನಾಟಕದಲ್ಲಿದ್ದರೆ ಆಜೀವ ತೆರಿಗೆಯನ್ನು ತೆರಬೇಕೆಂದು 2014ರಲ್ಲಿ ಮಾಡಿದ ತಿದ್ದುಪಡಿಯನ್ನು ರಾಜ್ಯದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2016ರಲ್ಲಿ ಅಸಿಂಧುವೆಂದು ತೀರ್ಮಾನಿಸಿತು. ಹೊಸ ನೋಂದಣಿಯ ಗುರುತಿಗೆ ಕೇಂದ್ರದ ಅಧಿನಿಯಮವು 12 ತಿಂಗಳ ವಾಸವನ್ನು ನಿಯಮಿಸಿದೆ. ಕೇರಳದ ಗಡಿಯತ್ತ ಸಾಗುವ ಹಂಪಾಪುರದಂಥ ರಸ್ತೆಯಲ್ಲಿ ಈ ಅಂತರವು ಕೇವಲ ಶಾಸ್ತ್ರಚರ್ಚೆಯ ವಿಷಯವಾಗಿ ಉಳಿಯದು.

ವಿದ್ಯುತ್ ವಾಹನವು ಈ ಎರಡು ಶಾಸನಗಳ ನಡುವಣ ಗೆರೆಯ ಮೇಲೆ ನಿಂತಿದೆ. ಅದಕ್ಕೆ 2016ರಲ್ಲಿ ವಾಹನತೆರಿಗೆಯಿಂದ ವಿನಾಯಿತಿ ದೊರೆಯಿತು. 2017ರಲ್ಲಿ ಕರ್ನಾಟಕವು ಭಾರತದ ರಾಜ್ಯಗಳಲ್ಲಿ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಬ್ಯಾಟರಿಗೆ ವಿದ್ಯುತ್ತನ್ನು ತುಂಬಿಕೊಡುವುದು ಮಾರಾಟವೋ ಸೇವೆಯೋ ಎಂಬ ಸಂದೇಹಕ್ಕೆ ಕೇಂದ್ರದ ವಿದ್ಯುತ್ ಮಂತ್ರಾಲಯವು 2018ರಲ್ಲಿ ಸೇವೆಯೆಂದು ಉತ್ತರವಿತ್ತು, ಅದಕ್ಕೆ ಪರವಾನಗಿ ಬೇಡವೆಂದಿತು. ಮಾರಾಟವಲ್ಲವೆಂದರೂ ಅದು ಬಳಕೆಯಂತೂ ಹೌದು; 53ನೆಯ ನಮೂದು ಬಳಕೆಯನ್ನೂ ಹೆಸರಿಸಿರುವುದರಿಂದ, ಈ ಉತ್ತರದಿಂದ ರಾಜ್ಯದ ತೆರಿಗೆಯ ಅಧಿಕಾರವು ಕುಗ್ಗಿತೆಂದು ಭಾವಿಸಲು ಕಾರಣವಿಲ್ಲ. 2024ರಲ್ಲಿ ಶಾಸನಸಭೆಯು ವಿನಾಯಿತಿಯನ್ನು ಸಂಕೋಚಗೊಳಿಸಿ, 25 ಲಕ್ಷ ರೂಪಾಯಿಗಳನ್ನು ಮೀರಿದ ವಿದ್ಯುತ್ ಕಾರುಗಳಿಗೆ ನೂರಕ್ಕೆ 10ರಂತೆ ಆಜೀವ ತೆರಿಗೆಯನ್ನು ವಿಧಿಸಿತು. ಗೆರೆಯನ್ನು ವಾಹನದ ಗುಣದ ಮೇಲೆ ಎಳೆಯದೆ ಬೆಲೆಯ ಮೇಲೆ ಎಳೆದುದು ಗಮನಾರ್ಹವಾಗಿದೆ. ಹೊಗೆಯುಗುಳದ ವಾಹನಕ್ಕೆ ಪ್ರೋತ್ಸಾಹವಿರಬೇಕೆಂಬುದೇ ತತ್ತ್ವವಾದರೆ, ದುಬಾರಿಯ ಕಾರೂ ಹೊಗೆಯುಗುಳುವುದಿಲ್ಲ.

ಇದರ ಹಿಂದಿರುವ ಅಗತ್ಯವನ್ನು ಊಹಿಸುವುದು ಕಷ್ಟವಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಸರ್ಕಾರವು ಪೆಟ್ರೋಲಿನ ಮೇಲಣ ಮಾರಾಟ ತೆರಿಗೆಯನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿತು. ಪೆಟ್ರೋಲಿನ ಬಂಡಿಯು ಕೊಳ್ಳುವಾಗೊಮ್ಮೆ ವಾಹನತೆರಿಗೆಯನ್ನೂ ಓಡಿದಷ್ಟು ಕಾಲ ಮಾರಾಟ ತೆರಿಗೆಯನ್ನೂ ಕೊಡುತ್ತದೆ. ವಿನಾಯಿತಿ ಪಡೆದ ವಿದ್ಯುತ್ ಬಂಡಿಯು ಈ ಎರಡನ್ನೂ ಕೊಡುವುದಿಲ್ಲ. ಸವೆಯುವ ರಸ್ತೆಯೇನೋ ಒಂದೇ. ಆ ಬಂಡಿಯನ್ನು ಪಂಪಿನ ಉಚಿತ ತಂತಿಯಿಂದ ತುಂಬಿಕೊಂಡರೆ, ಅದನ್ನು ತಡೆಯತಕ್ಕ ವಿಧಿಯು ಶಾಸಕರು ತಿದ್ದಬಲ್ಲ ವಾಹನತೆರಿಗೆಯ ಅಧಿನಿಯಮದಲ್ಲಿಲ್ಲ. ಒಂದು ಉದ್ದೇಶಕ್ಕೆ ಕೊಟ್ಟ ವಿದ್ಯುತ್ತನ್ನು ಬೇರೊಂದಕ್ಕೆ ಬಳಸುವುದನ್ನು ಅನಧಿಕೃತವೆನ್ನುವ ಕೇಂದ್ರ ಅಧಿನಿಯಮದ 126ನೆಯ ಪ್ರಕರಣದಲ್ಲಿದೆ. ಆ ಪ್ರಕರಣವನ್ನು ಪ್ರಯೋಗಿಸಬೇಕಾದರೆ ಮೊದಲು ಹೊಲದ ತಂತಿಗೆ ಅಳತೆಯ ಮೀಟರು ಬೇಕು.